ಬೆರಳಿಗೆ ಬದಲಾಳು

ಯಂತ್ರಗಳಲ್ಲಿ ದೊಡ್ಡವು ಹೇಳಿದಂತೆ ಕೇಳುತ್ತವೆ, ಹಟವೆಲ್ಲ ಚಿಕ್ಕವುಗಳದ್ದು. ರೈಲು ಹೊತ್ತಿಗೆ ಸರಿಯಾಗಿ ಹೊರಡದಿದ್ದರೆ ಅದಕ್ಕೆ ನೂರು ಕಾರಣಗಳನ್ನು ಹೇಳುವವರಿದ್ದಾರೆ. ಆದರೆ ಅಂಗೈಯಲ್ಲಿ ಹಿಡಿಸುವಂಥ ಮಾದರಿ ವಿಮಾನದ ಎಂಜಿನ್ ಹೊರಡದಿರುವುದಕ್ಕೆ ಕಾರಣವೇ ಬೇಕಿಲ್ಲವೆಂದು ನೋಡುವವರಿಗೆ ತೋರುತ್ತದೆ. ವಾಸ್ತವದಲ್ಲಿ ಕಾರಣವಿದ್ದೇ ಇರುತ್ತದೆ. ಅದನ್ನು ಹುಡುಕುವ ತಾಳ್ಮೆಯೇ ಈ ಹವ್ಯಾಸದ ಅರ್ಧ ಭಾಗ, ಹಾರಿಸುವುದು ಉಳಿದರ್ಧ.

ನನಗೆ ಈ ವಿದ್ಯೆಯ ಪರಿಚಯವಾದದ್ದು ನಮ್ಮ ಭಾವನವರಿಂದ. ಕಾಲೇಜಿನಲ್ಲಿದ್ದಾಗ ಎನ್.ಸಿ.ಸಿ.ಯ ವಾಯು ವಿಭಾಗದಲ್ಲಿ ಬಾಲ್ಸಾ ಮರದ ರೆಕ್ಕೆ ಅಂಟಿಸಲು ಕಲಿತವರು ಇಂದಿಗೂ ಆ ಅಂಟಿನಿಂದ ಬಿಡಿಸಿಕೊಂಡಿಲ್ಲ. ಬೆಂಗಳೂರಿನ ಅವರ ಮನೆಯ ಮಹಡಿಯ ಕೋಣೆಯಲ್ಲಿ ಅಕ್ಕನ ಸೀರೆಗಳಿಗಿಂತ ವಿಮಾನಗಳಿಗೆ ಹೆಚ್ಚು ಜಾಗ. ಅಲ್ಲಿಗೆ ಕಾಲಿಟ್ಟರೆ ಸುಟ್ಟ ಹರಳೆಣ್ಣೆಯ ವಾಸನೆ ಮೂಗಿಗೆ ಬಡಿಯುತ್ತದೆ.

ಈ ಎಂಜಿನ್‌ಗಳನ್ನು ಅಮೆರಿಕದವರು ‘ಗ್ಯಾಸ್’ ಎಂಜಿನ್ ಎನ್ನುತ್ತಾರೆ. ಇದು ನಮ್ಮ ಅಡುಗೆಮನೆಯ ಗ್ಯಾಸಲ್ಲ. ಪೆಟ್ರೋಲಿಗೆ ಅವರಿಟ್ಟ ಹೆಸರು. ೧೯೩೦ರ ದಶಕದಲ್ಲಿ ವಿಲಿಯಂ ಬ್ರೌನ್ ಎಂಬಾತ ಮಾಡಿದ ‘ಬ್ರೌನ್ ಜೂನಿಯರ್’ ಮುಂತಾದವು ಪೆಟ್ರೋಲಿನಿಂದಲೇ ಓಡುತ್ತಿದ್ದವು. ಕಿಡಿ ಹಾರಿಸಲು ಕಾಯಿಲ್, ಬ್ಯಾಟರಿಗಳನ್ನೆಲ್ಲ ವಿಮಾನವೇ ಹೊತ್ತು ಹಾರಬೇಕಾಗಿತ್ತು. ೧೯೪೭ರಲ್ಲಿ ರೇ ಆರ್ಡೆನ್ ಗ್ಲೋ ಪ್ಲಗ್ಗನ್ನು ಮಾರುಕಟ್ಟೆಗೆ ತಂದ ಮೇಲೆ ಆ ಹೊರೆ ಇಳಿಯಿತು. ಈ ಪ್ಲಗ್ಗಿನೊಳಗೆ ಪ್ಲಾಟಿನಮ್ ಬೆರೆತ ಸಣ್ಣ ತಂತಿಯ ಸುರುಳಿಯೊಂದಿದೆ. ಒಂದೂವರೆ ವೋಲ್ಟಿನ ಸೆಲ್ ಹಚ್ಚಿದರೆ ಅದು ಕೆಂಪಗೆ ಕಾಯುತ್ತದೆ. ಎಂಜಿನ್ ಹೊರಟ ಮೇಲೆ ಸೆಲ್ ತೆಗೆದುಬಿಡಬಹುದು. ಮೆಥನಾಲ್ ಆವಿ ಪ್ಲಾಟಿನಮ್ಮಿನ ಸಹವಾಸದಿಂದಲೂ, ಒಳಗಿನ ಉರಿಯಿಂದಲೂ ಸುರುಳಿ ತಾನಾಗಿ ಕೆಂಪಾಗಿರುತ್ತದೆ. ಮೆಥನಾಲ್, ಹರಳೆಣ್ಣೆ, ಸ್ವಲ್ಪ ನೈಟ್ರೋಮೀಥೇನ್—ಇಷ್ಟೇ ಅದರ ಆಹಾರ. ಪೆಟ್ರೋಲ್ ಹೋಯಿತು, ‘ಗ್ಯಾಸ್’ ಎಂಬ ಹೆಸರು ಮಾತ್ರ ಉಳಿಯಿತು.

ಎಂಜಿನ್ ಹೊರಡಿಸಲು ಹಿಂದೆ ಬೆರಳೇ ಗತಿ. ಪ್ರೊಪೆಲರ್ ಅಲಗನ್ನು ಬೆರಳಿನಿಂದ ಚಟ್ಟನೆ ತಿರುಗಿಸಿ, ಆ ಕ್ಷಣವೇ ಕೈ ಹಿಂದಕ್ಕೆಳೆದುಕೊಳ್ಳಬೇಕು. ತಡವಾದರೆ ಅದು ಸೇಡು ತೀರಿಸಿಕೊಳ್ಳುತ್ತದೆ. ಮೋಟಾರು ಕಾರುಗಳಿಗೂ ಒಂದು ಕಾಲದಲ್ಲಿ ಇದೇ ಗುಣವಿತ್ತು. ಹ್ಯಾಂಡಲ್ ಹಿಮ್ಮೆಟ್ಟಿ ಹೊಡೆದು ಕೈ ಮುರಿದುಕೊಂಡವರು ಅನೇಕರು. ೧೯೧೨ರ ಕ್ಯಾಡಿಲಾಕ್ ಕಾರಿಗೆ ಚಾರ್ಲ್ಸ್ ಕೆಟರಿಂಗ್ ವಿದ್ಯುತ್ ಸ್ಟಾರ್ಟರ್ ಜೋಡಿಸಿದ ಮೇಲೆ ಆ ಕಾಟ ಕ್ರಮೇಣ ತಪ್ಪಿತು. ಆಟದ ವಿಮಾನಕ್ಕೂ ಅಂಥದೊಂದು ಬಂದಿದೆ: ಕೈಯಲ್ಲಿ ಹಿಡಿಯುವ ೧೨ ವೋಲ್ಟಿನ ಮೋಟಾರು, ಅದರ ತುದಿಗೆ ರಬ್ಬರಿನ ಬಟ್ಟಲು. ಪ್ರೊಪೆಲರಿನ ಮೂತಿಗೆ ಒತ್ತಿ ಗುಂಡಿ ಅದುಮಿದರೆ ಸಾಕು.

ಭಾವನವರಿಗೆ ಇದು ಬೇಕಾದದ್ದು ಶೋಕಿಗಲ್ಲ. ಮೂರು ವರ್ಷಗಳಿಂದ ಸಂಧಿವಾತ ಅವರ ಬೆರಳುಗಳನ್ನು ಹಿಡಿದುಕೊಂಡಿದೆ. ಗೆಣ್ಣುಗಳು ದಪ್ಪವಾಗಿ, ಬಲಗೈಯ ತೋರುಬೆರಳು ಪಕ್ಕಕ್ಕೆ ವಾಲಿದೆ. ಕಾಫಿಯ ಲೋಟವನ್ನೇ ಎರಡು ಕೈಯಲ್ಲಿ ಹಿಡಿಯುವವರು ಪ್ರೊಪೆಲರ್ ಹೊಡೆಯುವುದೆಂದರೇನು? ಅಮೆರಿಕದಲ್ಲಿರುವ ಮಗ ಸ್ಟಾರ್ಟರ್ ಕಳಿಸಿದ. ಮೊದಲ ಭಾನುವಾರ ಬಯಲಿಗೆ ಹೋದೆವು. ಸ್ಟಾರ್ಟರ್ ಒಮ್ಮೆ ನರಳಿ, ಅರ್ಧ ಸುತ್ತು ಸುತ್ತಿ, ನಿಂತಿತು.

“ಇನ್ನು ಸಾಕು ಅಂತ ಅದೂ ಹೇಳ್ತಿದೆ. ಎಲ್ಲಾ ಯಾರಿಗಾದರೂ ಕೊಟ್ಟುಬಿಡಿ” ಎಂದಳು ಅಕ್ಕ ಮನೆಯಲ್ಲಿ. ಭಾವ ಏನೂ ಮಾತನಾಡಲಿಲ್ಲ. ಎದುರು ಮಾತಾಡಿದ್ದರೆ ನನಗೆ ಅಷ್ಟು ಯೋಚನೆಯಾಗುತ್ತಿರಲಿಲ್ಲ.

ಸಂಜೆ ನಾನೂ ಅವರೂ ಕುಳಿತು ರೋಗ ಪರೀಕ್ಷೆಗೆ ತೊಡಗಿದೆವು. ಬ್ಯಾಟರಿ ಸುಮ್ಮನಿದ್ದಾಗ ಮೀಟರು ೧೨.೬ ವೋಲ್ಟ್ ತೋರಿಸಿತು. ಇಷ್ಟಕ್ಕೇ ಬ್ಯಾಟರಿ ಗಟ್ಟಿಯೆಂದು ತೀರ್ಮಾನಿಸಕೂಡದು. ಊಟಕ್ಕೆ ಕುಳಿತಾಗ ಎಲ್ಲರೂ ಆರೋಗ್ಯವಂತರೇ. ಮೂಟೆ ಹೊರಿಸಿ ನೋಡಬೇಕು. ಸ್ಟಾರ್ಟರನ್ನು ಎಂಜಿನ್ನಿಗೆ ಒತ್ತಿ ಹಿಡಿದು ಮತ್ತೆ ಅಳೆದೆವು. ಬ್ಯಾಟರಿಯ ಬಳಿ ೧೧. ಸ್ಟಾರ್ಟರಿನ ಬಳಿ ೮. ನಡುವಿನ ೩ ವೋಲ್ಟ್ ಎಲ್ಲಿ ಹೋಯಿತು?

“ತಂತಿ ಮುಟ್ಟಿ ನೋಡಯ್ಯ” ಎಂದರು ಭಾವ. ಮುಟ್ಟಿದರೆ ಬಿಸಿ! ಉದ್ದ ಸಾಲದೆಂದು ಅವರು ಕರೆಗಂಟೆಗೆ ತಂದಿದ್ದ ತೆಳು ತಂತಿಯನ್ನು ಸೇರಿಸಿದ್ದರು. ಮೊಸಳೆ ಬಾಯಿಯ ಕ್ಲಿಪ್ಪಿಗೋ ತುಕ್ಕು. ೪೦ ಆಂಪಿಯರ್ ಹರಿಯುವ ದಾರಿಯಲ್ಲಿ ಒಂದು ಓಮಿನ ಇಪ್ಪತ್ತನೆಯ ಒಂದು ಪಾಲು ಅಡ್ಡಿಯಿದ್ದರೂ ೨ ವೋಲ್ಟ್ ಅಲ್ಲೇ ಸುಂಕ ಕಟ್ಟಬೇಕಾಗುತ್ತದೆ. ದಪ್ಪ ತಂತಿ ಹಾಕಿ, ಕ್ಲಿಪ್ಪನ್ನು ಉಪ್ಪುಕಾಗದದಿಂದ ಉಜ್ಜಿದೆವು. ಕೆಂಪಿಗೆ ಕೆಂಪು, ಕರಿಗೆ ಕರಿ ಸೇರಿದೆಯೇ ಎಂದು ಎರಡು ಸಲ ನೋಡಿದೆವು. ಅದಲುಬದಲಾದರೆ ಮೋಟಾರು ಹಿಂದುಮುಂದಾಗಿ ತಿರುಗೀತು. ಎದುರು ನಿಂತವರಿಗೆ ಅದು ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗಬೇಕು. ರಬ್ಬರ್ ಬಟ್ಟಲಿಗೆ ಅಂಟಿದ್ದ ಹರಳೆಣ್ಣೆಯನ್ನೂ ಒರೆಸಿದೆವು. ಇಲ್ಲದಿದ್ದರೆ ಸ್ಟಾರ್ಟರು ತಿರುಗಿ, ಎಂಜಿನ್ ತಿರುಗದೆ, ಬರಿಯ ಸದ್ದಷ್ಟೇ. ಪ್ಲಗ್ಗನ್ನು ಹೊರತೆಗೆದು ಸೆಲ್ ಹಚ್ಚಿದಾಗ ಸುರುಳಿ ಚೆನ್ನಾಗಿ ಕೆಂಪಾಯಿತು.

ಮುಂದಿನ ಭಾನುವಾರ ಎಂಜಿನ್ ಮೊದಲ ಒತ್ತಿಗೇ ಹೊರಟಿತು. ಭಾವನವರ ಮುಖ ನೋಡಬೇಕಿತ್ತು!

ಆದರೆ ನನಗೆ ಹೆಚ್ಚು ನೆನಪಿರುವುದು ಅದರ ಮುಂದಿನ ವಾರ. ಇಂಧನ ಹೆಚ್ಚಾಗಿ ಒಳಗೆ ಇಳಿದಿತ್ತೆಂದು ಕಾಣುತ್ತದೆ. ನಾನು ಸ್ಟಾರ್ಟರ್ ಎತ್ತಿಕೊಟ್ಟೆ. ಭಾವ ಅದನ್ನು ಪಕ್ಕಕ್ಕಿಟ್ಟು, ಸೆಲ್ಲನ್ನು ಕಳಚಿ, ಆ ಸೊಟ್ಟ ಬೆರಳುಗಳಿಂದಲೇ ಪ್ರೊಪೆಲರನ್ನು ಮೆಲ್ಲನೆ ತಿರುಗಿಸಿದರು. ಅದು ಒಂದು ಕಡೆ ಕಲ್ಲಿನಂತೆ ನಿಂತಿತು.

“ಇದು ಗಾಳಿಯ ಒತ್ತಡವಲ್ಲ. ಗಾಳಿಯಾದರೆ ಸ್ಪ್ರಿಂಗಿನಂತೆ ಹಿಂದಕ್ಕೆ ತಳ್ಳುತ್ತೆ. ಒಳಗೆ ನೀರು ನಿಂತ ಹಾಗಿದೆ, ಪ್ಲಗ್ ಬಿಚ್ಚು” ಎಂದರು. ಬಿಚ್ಚಿ ಎಂಜಿನ್ನನ್ನು ಬೋರಲು ಮಾಡಿದರೆ ಇಂಧನ ತೊಟ್ಟಿಕ್ಕಿತು. ದ್ರವವನ್ನು ಅದುಮಲಾಗದು. ಅಂಥ ಸ್ಥಿತಿಯಲ್ಲಿ ಸ್ಟಾರ್ಟರ್ ಒತ್ತಿದ್ದರೆ ಪಿಸ್ಟನ್ನಿನ ಕನೆಕ್ಟಿಂಗ್ ರಾಡು ಬಗ್ಗಿಹೋಗುತ್ತಿತ್ತು. ಸ್ಟಾರ್ಟರಿಗೆ ಬಲವುಂಟು; ಯಾವಾಗ ನಿಲ್ಲಬೇಕೆಂಬ ತಿಳಿವಳಿಕೆಯಿಲ್ಲ. ಅದು ಬೆರಳಿನಲ್ಲಿತ್ತು, ಐವತ್ತು ವರ್ಷಗಳಿಂದ.

ಮುಪ್ಪು ಕೈಯಿಂದ ಮೊದಲು ಕಿತ್ತುಕೊಳ್ಳುವುದು ರಭಸವನ್ನು. ರಭಸ ಹೋದೊಡನೆ ಕೈಯೇ ಹೋಯಿತೆಂದು ನಾವು, ಅಂದರೆ ಸುತ್ತಲಿನವರು, ಬೇಗ ನಿರ್ಧರಿಸಿಬಿಡುತ್ತೇವೆ. ರಭಸದ ಕೆಲಸಕ್ಕೆ ಬದಲಾಳು ಸಿಕ್ಕುತ್ತಾನೆ. ಹದ ಬಲ್ಲ ಕೈಗೆ ಸಿಕ್ಕುವುದಿಲ್ಲ. ಅಕ್ಕನಿಗೆ ಇದನ್ನೆಲ್ಲ ನಾನು ಹೇಳಹೋಗಲಿಲ್ಲ. ಈಗ ಶನಿವಾರ ರಾತ್ರಿ ಬ್ಯಾಟರಿಯನ್ನು ಚಾರ್ಜಿಗೆ ಹಾಕುವವಳು ಅವಳೇ.