ಒಂದೂವರೆ ಮೊಳ, ನಾಲ್ಕು ಬೆರಳು

ಜೀಡಿಮೆಟ್ಲಾದ ಕಾರ್ಖಾನೆಯೊಂದರಲ್ಲಿ ನನ್ನ ಕೆಲಸ ಅಳೆಯುವುದು. ಹಗಲೆಲ್ಲ ವರ್ನಿಯರ್ ಹಿಡಿದು ಯಂತ್ರದ ಬಿಡಿಭಾಗಗಳನ್ನು ಪಾಸು, ಫೇಲು ಮಾಡುತ್ತೇನೆ. ಎರಡು ವರ್ಷದಿಂದ ರಾತ್ರಿಯೂ ಅದೇ ಕೆಲಸ. ಬಾಡಿಗೆ ಮನೆಯ ಹಿಂದಿನ ಕೋಣೆಯಲ್ಲಿ, ಪ್ಲೈವುಡ್ ಹಲಗೆಯ ಮೇಲೆ, ನಮ್ಮೂರು ಚಿಂತಾಮಣಿಯ ಸಣ್ಣ ರೈಲನ್ನು ಕಟ್ಟುತ್ತಿದ್ದೇನೆ.

ಬೌರಿಂಗ್‌ಪೇಟೆ, ಅಂದರೆ ಈಗಿನ ಬಂಗಾರಪೇಟೆಯಿಂದ ಕೋಲಾರಕ್ಕೆ 1913ರಲ್ಲಿ ಶುರುವಾದ ನ್ಯಾರೋಗೇಜ್ ದಾರಿ ಅದು. ಆಮೇಲೆ ಶ್ರೀನಿವಾಸಪುರ, ಚಿಂತಾಮಣಿ, ಶಿಡ್ಲಘಟ್ಟ ಹಾದು ಚಿಕ್ಕಬಳ್ಳಾಪುರದ ಹಳಿಗೆ ಕೂಡಿಕೊಂಡಿತು. ಹಳಿಗಳ ನಡುವೆ ಎರಡೂವರೆ ಅಡಿ, 762 ಮಿ.ಮೀ. ಅದನ್ನು ಎಂಬತ್ತೇಳನೇ ಒಂದು ಪಾಲಿಗೆ ಇಳಿಸಿದರೆ 8.76 ಮಿ.ಮೀ. ಬರುತ್ತದೆ. ಅಂಗಡಿಯಲ್ಲಿ ಸಿಗುವ 9 ಮಿ.ಮೀ.ನ ಆಟಿಕೆ ಹಳಿ ಹೆಚ್ಚುಕಡಿಮೆ ಹೊಂದುತ್ತದೆ. ಸ್ಟೇಷನ್ನಿನ ಗೋಡೆ, ಕಿಟಕಿಗಳನ್ನು ಇಲ್ಲೇ ಪಕ್ಕದ ಗಲ್ಲಿಯ ಲೇಸರ್ ಕಟಿಂಗ್ ಅಂಗಡಿಯಲ್ಲಿ ಕೊಯ್ಸಿದೆ. ನನ್ನ ಕೋಲಾರದ ತೆಲುಗು ಕೇಳಿ ಅಂಗಡಿಯವರು ನಗುತ್ತಾರೆ, ಆದರೂ ಕಾಸು ಕಡಿಮೆ ತೆಗೆದುಕೊಳ್ಳುತ್ತಾರೆ.

ನಂದಿ ಹಾಲ್ಟ್, ದೇವನಹಳ್ಳಿಯ ಹಳೆಯ ಸ್ಟೇಷನ್ನುಗಳನ್ನು ಇಂಟ್ಯಾಕ್‌ನವರು ರಿಪೇರಿ ಮಾಡಿಸಿದ್ದಾರೆ. ಸಂತೋಷವೇ. ಆದರೆ ಅವುಗಳ ಮುಂದಿರುವುದು ಬ್ರಾಡ್‌ಗೇಜ್. ಕೋಲಾರ-ಚಿಕ್ಕಬಳ್ಳಾಪುರದ ಹಳಿಯೂ 2013ರಲ್ಲಿ ಅಗಲವಾಗಿ ಮತ್ತೆ ತೆರೆಯಿತು. ಕಟ್ಟಡ ಉಳಿಯಿತು, ಎರಡೂವರೆ ಅಡಿ ಹೋಯಿತು. ಐರ್ಲೆಂಡಿನಲ್ಲಿ 1961ರಲ್ಲಿ ಮುಚ್ಚಿದ್ದ ವೆಸ್ಟ್ ಕ್ಲೇರ್ ಎಂಬ ಮೂರಡಿ ಗೇಜಿನ ರೈಲಿಗೆ ಮೋಯಾಸ್ಟಾ ಎಂಬಲ್ಲಿ ಸ್ವಲ್ಪ ದೂರ ಮತ್ತೆ ಹಳಿ ಹಾಸಿ, ಸ್ಲೀವ್ ಕ್ಯಾಲನ್ ಅನ್ನೋ ಹಳೇ ಇಂಜಿನ್ ಓಡಿಸಿದರು. ಅದನ್ನು ಓದಿದ ರಾತ್ರಿ ನನಗೆ ಹೊಟ್ಟೆಕಿಚ್ಚಾಗಿತ್ತು.

ಹೋದ ವರ್ಷ ಅಮ್ಮ ತೀರಿಕೊಂಡರು. ಚಿಂತಾಮಣಿಯ ಮನೆ ಮಾರಿದೆವು. ಮಾರಿದೆವು ಅಂತ ನಾನು ಹೇಳುತ್ತೇನೆ, ಅಪ್ಪ ‘ಮಾರಿಸಿದ’ ಅನ್ನುತ್ತಾರೆ. ಇಲ್ಲಿಗೆ ಬಂದ ಮೇಲೆ ಅವರು ನನ್ನೊಂದಿಗೆ ಮಾತಾಡಿದ್ದು ಊಟ, ಮಾತ್ರೆಗಳ ಬಗ್ಗೆ ಮಾತ್ರ. ಒಂದು ಭಾನುವಾರ ಧೈರ್ಯ ಮಾಡಿ ಹಿಂದಿನ ಕೋಣೆಗೆ ಕರೆದುಕೊಂಡು ಹೋಗಿ ರೈಲು ಓಡಿಸಿ ತೋರಿಸಿದೆ.

‘ಮನೆ ಕಿತ್ಕೊಂಡು ಬೊಂಬೆ ಕೊಡ್ತೀಯೇನೋ?’ ಅಂದರು.

ನಾನು ಸ್ವಿಚ್ ಆರಿಸಿದೆ. ಅವರು ಹೋಗಲಿಲ್ಲ. ಬಗ್ಗಿ ಹಳಿ ನೋಡಿದರು.

‘ನಡುವೆ ಎಷ್ಟು ಇಟ್ಟಿದ್ದೀಯ?’

ಮಿಲಿಮೀಟರಿನಲ್ಲಿ ಹೇಳಿದೆ.

‘ಅದೆಲ್ಲ ನಂಗೊತ್ತಿಲ್ಲ. ಒಂದೂವರೆ ಮೊಳ, ಮೇಲೆ ನಾಲ್ಕು ಬೆರಳು. ಹುಡುಗರಾಗಿದ್ದಾಗ ಹಳಿ ಮೇಲೆ ಕೂತು ಅಳೀತಿದ್ವಿ.’

ಮೊಳಕ್ಕೆ ಹದಿನೆಂಟು ಇಂಚು, ನಾಲ್ಕು ಬೆರಳಿಗೆ ಮೂರು. ಮನಸ್ಸಿನಲ್ಲೇ ಕೂಡಿದೆ: ಮೂವತ್ತು. ಸರಿಯಾಗಿ ಎರಡೂವರೆ ಅಡಿ. ಪಾಸು.

ಮತ್ತೆ ಓಡಿಸು ಅಂದರು. ಓಡಿಸಿದೆ. ‘ಇಷ್ಟು ಜೋರಾಗಿ ಹೋದ್ರೆ ಜನ ಹತ್ತೋದು ಹೆಂಗೆ?’ ಅಂತ ತಾವೇ ಗುಂಡಿ ತಿರುಗಿಸಿ ನಿಧಾನ ಮಾಡಿದರು. ಮೋಟಾರಿಗೆ ಕರೆಂಟು ಸಾಲದೆ ಗಾಡಿ ನಡುದಾರಿಯಲ್ಲೇ ನಿಂತಿತು. ‘ಈಗ ಸರಿಹೋಯ್ತು’ ಅಂದರು. ಎಷ್ಟೋ ತಿಂಗಳ ಮೇಲೆ ನಗು ಕಂಡೆ.

ಆಮೇಲೆ ಹಲಗೆಯ ಅಂಚಿನಾಚೆ, ಮಂಚದ ಮೇಲೆ ಬೆರಳಿಟ್ಟು, ‘ನಮ್ಮನೆ ಇಲ್ಲಿ ಬರ್ಬೇಕು. ಸ್ಟೇಷನ್ನಿಂದ ನೂರು ಹೆಜ್ಜೆ’ ಅಂದರು.

ಲೆಕ್ಕ ಹಾಕಿದ್ದೇನೆ. ಎರಡು ಮೊಳಕ್ಕೆ ಸ್ವಲ್ಪ ಕಡಿಮೆ ಬರುತ್ತದೆ. ಈ ವಾರ ಇನ್ನೊಂದು ಪ್ಲೈವುಡ್ ತರಬೇಕು, ಮಂಚ ಸರಿಸಬೇಕು. ಮನೆಯ ಅಳತೆಗಳನ್ನು ಅಪ್ಪನೇ ಹೇಳಬೇಕು.