ಮೇರೆಯರಿತ ಬಲ

ಯಂತ್ರದಿಂದ ಇನ್ನಷ್ಟು ಬಲವನ್ನು ಪಡೆಯಬೇಕೆಂಬ ಆಸೆ ಯಂತ್ರದಷ್ಟೇ ಹಳೆಯದು. ಎಂಜಿನ್ನು ಹೊರಕ್ಕೆ ಉಗುಳುವ ಬಿಸಿ ಹೊಗೆಯಲ್ಲಿಯೂ ದುಡಿಮೆಗೆ ಒದಗಬಲ್ಲ ಶಕ್ತಿ ಉಳಿದಿರುವುದನ್ನು ಕಂಡ ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಕಿ, ಆ ಹೊಗೆಯಿಂದಲೇ ಒಂದು ಚಕ್ರವನ್ನು ತಿರುಗಿಸಿ, ಅದೇ ದಂಡದ ಇನ್ನೊಂದು ತುದಿಯ ಚಕ್ರದಿಂದ ಹೊಸ ಗಾಳಿಯನ್ನು ಅದುಮಿ ಎಂಜಿನ್ನಿನೊಳಕ್ಕೆ ತುಂಬುವ ಉಪಾಯಕ್ಕೆ 1905ರಲ್ಲಿ ಪೇಟೆಂಟನ್ನು ಪಡೆದನು. ಹಡಗುಗಳಲ್ಲಿಯೂ ವಿಮಾನಗಳಲ್ಲಿಯೂ ಲಾರಿಗಳಲ್ಲಿಯೂ ಬಹುಕಾಲ ದುಡಿದ ಆ ಉಪಾಯವೇ ಇಂದು ನಮ್ಮ ಮನೆಗಳ ಮುಂದೆ ನಿಲ್ಲುವ ಪುಟ್ಟ ಕಾರುಗಳಲ್ಲಿ ಟರ್ಬೊ ಎಂಬ ಹೆಸರಿನಿಂದ ನೆಲಸಿದೆ. ಮುಷ್ಟಿಯಲ್ಲಿ ಅಡಗುವಷ್ಟು ಚಿಕ್ಕದಾದ ಅದರ ಚಕ್ರ, ತೈಲದ ತೆಳುವಾದ ಪೊರೆಯೊಂದರ ಮೇಲೆ ತೇಲುತ್ತ, ನಿಮಿಷಕ್ಕೆ ಎರಡು ಲಕ್ಷ ಸುತ್ತುಗಳನ್ನೂ ಮೀರಿ ತಿರುಗಬಲ್ಲುದು. ಇಂಥ ಯಂತ್ರವನ್ನು ಶ್ರುತಿಗೊಳಿಸುವ ವಿದ್ಯೆಯಲ್ಲಿ ನನಗೆ ಅಪಾರವಾದ ಪ್ರೀತಿ.

ಆ ಪ್ರೀತಿ ಹೊಸೂರಿನಲ್ಲಿ ಹುಟ್ಟಿತೆಂದರೆ ಯಾರೂ ಅಚ್ಚರಿಪಡಬೇಕಾಗಿಲ್ಲ. ಕನ್ನಡ, ತೆಲುಗು, ತಮಿಳು ಮೂರೂ ಒಂದೇ ಬೀದಿಯಲ್ಲಿ ಕೇಳಿಬರುವ ಈ ಊರಿನಲ್ಲಿ ನಾಲ್ಕನೆಯದಾಗಿ ಯಂತ್ರದ ಭಾಷೆಯೂ ಎಲ್ಲರಿಗೂ ಪರಿಚಿತವೇ. 1980ರಲ್ಲಿ ಟಿ.ವಿ.ಎಸ್. 50 ಎಂಬ ಮೊಪೆಡ್ಡು ಇಲ್ಲಿಂದಲೇ ನಾಡಿನ ರಸ್ತೆಗಳಿಗೆ ಇಳಿಯಿತು. ಅದೇ ಕಾಲದಲ್ಲಿ ಅಶೋಕ್ ಲೇಲ್ಯಾಂಡಿನ ಲಾರಿ ಕಾರ್ಖಾನೆ ಇಲ್ಲಿ ತಲೆಯೆತ್ತಿತು. ಆ ದಶಕ ಮುಗಿಯುವುದರೊಳಗೆ ಟೈಟನ್ ಗಡಿಯಾರಗಳೂ ಇಲ್ಲಿ ತಯಾರಾಗತೊಡಗಿದವು. ಇವುಗಳ ಸುತ್ತಲೂ ಸಿಪ್‌ಕಾಟ್ ಕೈಗಾರಿಕಾ ಬಡಾವಣೆಯಲ್ಲಿ ಬೆಳೆದ ಲೇತ್ ಶೆಡ್ಡುಗಳಲ್ಲಿ ಮೈಕ್ರಾನಿನ ಲೆಕ್ಕದಲ್ಲಿ ದುಡಿದು, ಕೂದಲೆಳೆಯ ವ್ಯತ್ಯಾಸವನ್ನೂ ಬೆರಳ ತುದಿಯಿಂದ ಗುರುತಿಸುವವರು ಇಲ್ಲಿ ಬೀದಿಗೊಬ್ಬರು ಸಿಕ್ಕುವರು. ಅಂಥವರ ನಡುವೆ ಬೆಳೆದವನಿಗೆ, ಒಂದು ಎಂಜಿನ್ನು ಎಷ್ಟು ಬಲವನ್ನು ಕೊಡುತ್ತದೆ ಎಂಬುದಕ್ಕಿಂತಲೂ ಆ ಬಲವನ್ನು ಎಷ್ಟು ಕಾಲ ಕೊಡುತ್ತದೆ ಎಂಬ ಪ್ರಶ್ನೆಯೇ ಹೆಚ್ಚು ಆಕರ್ಷಕವಾಗಿ ತೋರುವುದು ಸಹಜ.

ನಮ್ಮ ದೇಶದ ಪುಟ್ಟ ಕಾರಿಗೆ ಟರ್ಬೊ ಬಂದುದರ ಹಿಂದೆ ತೆರಿಗೆಯ ಒಂದು ಕಥೆಯೂ ಉಂಟು. ನಾಲ್ಕು ಮೀಟರಿನೊಳಗಿನ ಉದ್ದವೂ, ಪೆಟ್ರೋಲಾದರೆ 1200 ಸಿ.ಸಿ., ಡೀಸೆಲಾದರೆ 1500 ಸಿ.ಸಿ.ಗೆ ಮೀರದ ಎಂಜಿನ್ನೂ ಇರುವ ಕಾರಿಗೆ ಕಡಮೆ ಸುಂಕವೆಂದು 2006ರ ಆಯವ್ಯಯದಲ್ಲಿ ಗೊತ್ತುಮಾಡಿದ ಮೇಲೆ, ತಯಾರಕರು ಆ ಮೇರೆಯೊಳಗೇ ನಿಂತು ಹೆಚ್ಚಿನ ಬಲವನ್ನು ಒದಗಿಸುವ ದಾರಿಯನ್ನು ಹುಡುಕಬೇಕಾಯಿತು. ಸಿಲಿಂಡರನ್ನು ದೊಡ್ಡದು ಮಾಡುವಂತಿಲ್ಲವಾದರೆ ಅದರೊಳಕ್ಕೆ ಹೋಗುವ ಗಾಳಿಯನ್ನಾದರೂ ಹೆಚ್ಚಿಸಬೇಕಷ್ಟೆ. 2013ರಲ್ಲಿ ಬಂದ ಪೋಲೊ ಜಿ.ಟಿ. 1.2 ಲೀಟರಿನಲ್ಲಿ 105 ಅಶ್ವಶಕ್ತಿಯನ್ನು ಕೊಟ್ಟಿತು. 2017ರ ಬಲೇನೊ ಆರ್.ಎಸ್. ಒಂದು ಲೀಟರೂ ತುಂಬದ ಮೂರು ಸಿಲಿಂಡರುಗಳಿಂದ ನೂರನ್ನು ದಾಟಿತು. 2019ರ ವೆನ್ಯೂ ಅಷ್ಟೇ ಗಾತ್ರದಲ್ಲಿ 120ನ್ನು ಮುಟ್ಟಿತು. ಒಂದು ಕಾಲಕ್ಕೆ ಅಂಬಾಸಿಡರು ಒಂದೂವರೆ ಲೀಟರಿನಿಂದ ಎಷ್ಟು ಬಲವನ್ನು ಕೊಡುತ್ತಿತ್ತೆಂಬುದನ್ನು ಬಲ್ಲ ಹಿರಿಯರಿಗೆ ಇದು ಪವಾಡವೇ ಸರಿ.

ಇಂಥ ಕಾರಿನ ಒಡೆಯನಾದ ತರುಣನ ಮನಸ್ಸಿನಲ್ಲಿ ಮೊದಲು ಏಳುವ ಆಸೆ ರೀಮ್ಯಾಪ್. ಎಷ್ಟು ವೇಗದಲ್ಲಿ, ಎಷ್ಟು ಭಾರದಲ್ಲಿ, ಎಷ್ಟು ಗಾಳಿಯನ್ನು ಅದುಮಬೇಕು, ಎಷ್ಟು ಪೆಟ್ರೋಲನ್ನು ಚಿಮ್ಮಿಸಬೇಕು, ಕಿಡಿಯನ್ನು ಯಾವ ಕ್ಷಣದಲ್ಲಿ ಹಾರಿಸಬೇಕು ಎಂಬುದನ್ನೆಲ್ಲ ಎಂಜಿನ್ನಿನ ಇಸಿಯು ಎಂಬ ಗಣಕ ತನ್ನೊಳಗಿನ ಕೋಷ್ಟಕಗಳನ್ನು ನೋಡಿ ನಿರ್ಣಯಿಸುತ್ತದೆ. ಆ ಕೋಷ್ಟಕಗಳ ಅಂಕಿಗಳನ್ನು ತಿದ್ದುವುದೇ ರೀಮ್ಯಾಪ್. ಟರ್ಬೊ ಇಲ್ಲದ ಎಂಜಿನ್ನಿನಲ್ಲಿ ಇದರಿಂದ ದೊರೆಯುವುದು ಅತ್ಯಲ್ಪ; ಟರ್ಬೊ ಉಳ್ಳದ್ದರಲ್ಲಿ ಗಾಳಿಯ ಒತ್ತಡವೇ ನಮ್ಮ ಕೈಯಲ್ಲಿರುವುದರಿಂದ ಐದರಲ್ಲೊಂದು ಪಾಲಿನಷ್ಟು ಬಲ ಒಂದು ಬೆಳಗಿನೊಳಗೆ ಹೆಚ್ಚಬಲ್ಲುದು. ಇಷ್ಟು ಸುಲಭವಾಗಿ ದೊರೆಯುವುದನ್ನು ತಯಾರಕನೇಕೆ ಕೊಡಲಿಲ್ಲ, ಬೇಕೆಂದೇ ಬೀಗ ಹಾಕಿಟ್ಟನೇನು ಎಂಬ ಸಂಶಯ ಮೂಡುವುದೂ ಅಲ್ಲಿಯೇ.

ಈ ಸಂಶಯಕ್ಕೆ ಎಡೆಕೊಟ್ಟ ಎಂಜಿನ್ನೊಂದು ನಮ್ಮಲ್ಲಿ ಮನೆಮಾತಾಗಿತ್ತು. ಫಿಯೆಟ್ಟಿನ 1248 ಸಿ.ಸಿ. ಮಲ್ಟಿಜೆಟ್ ಡೀಸೆಲ್, ಸ್ವಿಫ್ಟಿನಲ್ಲಿ 75 ಅಶ್ವಶಕ್ತಿಯನ್ನೂ ಎರ್ಟಿಗಾದಲ್ಲಿ 90ನ್ನೂ ಕೊಡುತ್ತಿತ್ತು. ಹಾಗಾದರೆ ಸ್ವಿಫ್ಟಿನಲ್ಲಿ ಹದಿನೈದು ಅಶ್ವಶಕ್ತಿ ಸುಮ್ಮನೆ ಮಲಗಿದೆಯಲ್ಲವೆ ಎಂದು ಎಷ್ಟೋ ಮಂದಿ ವಾದಿಸುತ್ತಿದ್ದರು. ಆದರೆ ಆ ಹದಿನೈದನ್ನು ಪಡೆಯುವುದಕ್ಕೆ ತಯಾರಕನು ಕೋಷ್ಟಕವನ್ನು ತಿದ್ದಿ ಕೈತೊಳೆದುಕೊಳ್ಳಲಿಲ್ಲ. ಟರ್ಬೊವನ್ನೇ ಬದಲಿಸಿ, ಹೊಗೆಯ ದಾರಿಯನ್ನು ವೇಗಕ್ಕೆ ತಕ್ಕಂತೆ ಕಿರಿದುಮಾಡುವ, ಹಿರಿದುಮಾಡುವ ರೆಕ್ಕೆಗಳುಳ್ಳ ಬೇರೊಂದು ಜಾತಿಯ ಟರ್ಬೊವನ್ನು ಅಳವಡಿಸಿದನು. ಹೊರಗಿನಿಂದ ನೋಡಿದವರಿಗೆ ಅಂಕಿಯ ವ್ಯತ್ಯಾಸವೆಂದು ತೋರಿದುದು ಒಳಗೆ ಲೋಹದ ವ್ಯತ್ಯಾಸವಾಗಿತ್ತು.

ತಯಾರಕನು ಉಳಿಸಿಟ್ಟ ಮೀಸಲು ಯಾತಕ್ಕೆಂಬುದನ್ನು ಅರಿಯಬೇಕಾದರೆ ಹೊಸೂರಿನಿಂದ ಕೃಷ್ಣಗಿರಿಯವರೆಗಿನ ಹೆದ್ದಾರಿಗಿಂತ ಒಳ್ಳೆಯ ಪಾಠಶಾಲೆ ಬೇಕಿಲ್ಲ. ಹೊಸೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದಲ್ಲಿದೆ. ಐವತ್ತು ಕಿಲೋಮೀಟರುಗಳಷ್ಟು ಸಾಗಿ, ಶೂಲಗಿರಿಯ ಬೆಟ್ಟವನ್ನು ದಾಟಿ, ಕುರುಬರಪಳ್ಳಿಯ ಕಡೆಗೆ ಇಳಿಯುತ್ತ ಹೋದರೆ ಮಾವಿನ ತೋಪುಗಳ ಕೃಷ್ಣಗಿರಿ ಸುಮಾರು 500 ಮೀಟರಿನಲ್ಲಿ ನಮ್ಮನ್ನು ಬಿಸಿಯುಸಿರಿನಿಂದ ಎದುರುಗೊಳ್ಳುತ್ತದೆ. ಮೇಲೆ ಗಾಳಿ ತಂಪು ಆದರೆ ವಿರಳ. ಕೆಳಗೆ ಸಾಂದ್ರ ಆದರೆ ಬೇಸಗೆಯಲ್ಲಿ ಸುಡುವಂಥದು. ಹೊಸೂರಿನಲ್ಲಿ ಗಾಳಿಯ ಒತ್ತಡ ಚೆನ್ನೈಗಿಂತ ಹತ್ತರಲ್ಲೊಂದು ಪಾಲು ಕಡಮೆ. ಟರ್ಬೊ ಇಲ್ಲದ ಕಾರು ಅಷ್ಟು ಬಲವನ್ನು ಕಳೆದುಕೊಂಡು ಸುಮ್ಮನಾಗುತ್ತದೆ. ಟರ್ಬೊ ಇರುವ ಕಾರು ಸುಮ್ಮನಾಗದೆ, ಕೊರತೆಯನ್ನು ತುಂಬಲು ತನ್ನ ಚಕ್ರವನ್ನು ಇನ್ನಷ್ಟು ವೇಗವಾಗಿ ತಿರುಗಿಸಿ, ಓಡಿಸುವವನಿಗೆ ತಿಳಿಯದಂತೆಯೇ ಆ ಮೀಸಲಿನಲ್ಲಿ ಒಂದು ಪಾಲನ್ನು ಖರ್ಚುಮಾಡಿರುತ್ತದೆ.

ಲೆಕ್ಕವನ್ನು ಹಾಕಿ ನೋಡಿದರೆ ಇದರ ಸ್ವಾರಸ್ಯ ಇನ್ನೂ ಸ್ಪಷ್ಟವಾಗುವುದು. ಎಂಜಿನ್ನಿನೊಳಕ್ಕೆ ಹೋಗುವ ಗಾಳಿಗೆ ಎರಡು ಬಾರ್ ಒತ್ತಡ ಬೇಕೆಂದಾದರೆ, 25 ಡಿಗ್ರಿಯ ಹೊಸೂರಿನ ಬೆಳಗಿನಲ್ಲಿ ಗಾಳಿಯನ್ನು ಎರಡೂಕಾಲು ಪಟ್ಟಿಗೆ ಹತ್ತಿರ ಅದುಮಬೇಕು. ಅದುಮಿದ ಗಾಳಿ ಸುಮಾರು 130 ಡಿಗ್ರಿಗೆ ಕಾಯುತ್ತದೆ. 38 ಡಿಗ್ರಿಯ ಕೃಷ್ಣಗಿರಿಯ ಮಧ್ಯಾಹ್ನದಲ್ಲಿ ಅದುಮುವ ಪ್ರಮಾಣ ಕಡಮೆ ಸಾಕಾದರೂ ಗಾಳಿ 140 ಡಿಗ್ರಿಯನ್ನು ಮೀರುತ್ತದೆ. ಅದನ್ನು ಎಂಜಿನ್ನಿಗೆ ಹೋಗುವ ಮೊದಲು ತಣಿಸುವ ಇಂಟರ್‌ಕೂಲರು ಎಷ್ಟೇ ದಕ್ಷವಾಗಿದ್ದರೂ ಆ ಗಾಳಿಯನ್ನು ಹೊರಗಿನ ಹವೆಗಿಂತ ತಂಪಾಗಿಸಲಾರದು. ಒಂದೇ ಕಾರು, ಒಂದೇ ಹಗಲು, ಒಂದೇ ಜಿಲ್ಲೆ. ಆದರೂ ಎಂಜಿನ್ನಿನ ಪಾಲಿಗೆ ಎರಡು ಲೋಕ. ಎರಡರಲ್ಲಿಯೂ, ಮೇಲೆ ಲಡಾಖಿನ ಕಣಿವೆಯಲ್ಲಿಯೂ ಕೆಳಗೆ ಚೆನ್ನೈಯ ಕತ್ತರಿ ಬಿಸಿಲಿನಲ್ಲಿಯೂ, ಯಾವ ಊರ ಬಂಕಿನ ಪೆಟ್ರೋಲಿನಲ್ಲಿಯೂ ಕೆಡದೆ ಓಡಬೇಕೆಂದು ತಯಾರಕನು ಅಂಕಿಗಳನ್ನು ಬರೆದಿರುತ್ತಾನೆ. ಬಿತ್ತನೆಗೆಂದು ಎತ್ತಿಟ್ಟ ರಾಗಿಯನ್ನು ಮನೆಯಲ್ಲಿ ಮಿಕ್ಕ ಧಾನ್ಯವೆಂದು ಎಣಿಸಿ ಬೀಸಿಕೊಳ್ಳುವವನುಂಟೆ?

ರಾಯಕೋಟೆ ರಸ್ತೆಯ ಬದಿಯ ಶೆಡ್ಡೊಂದರಲ್ಲಿ ಈ ವಿದ್ಯೆಯನ್ನು ಬಲ್ಲ ಮೇಸ್ತ್ರಿಯೊಬ್ಬರಿದ್ದಾರೆ. ಅವರ ಕೆಲಸವನ್ನು ನೋಡುತ್ತ ಕುಳಿತುಕೊಳ್ಳುವುದು ನನಗೆ ಸಂಗೀತ ಕಚೇರಿಗೆ ಸಮಾನವಾದ ಸುಖ. ಬಲವನ್ನು ಹೆಚ್ಚಿಸಿರೆಂದು ಬಂದ ಕಾರಿಗೆ ಅವರು ಮೊದಲು ಲ್ಯಾಪ್‌ಟಾಪನ್ನು ಜೋಡಿಸುವುದಿಲ್ಲ. ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ, ಸಿಲಿಂಡರಿನ ಕ್ರಮದಲ್ಲಿಯೇ ಬಿಳಿಯ ಬಟ್ಟೆಯ ಮೇಲೆ ಸಾಲಾಗಿಟ್ಟು, ಕಿಟಕಿಯ ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡುತ್ತಾರೆ. ಪ್ಲಗ್ಗಿನ ಪಿಂಗಾಣಿ ತಿಳಿಯಾದ ಕಂದುಬಣ್ಣಕ್ಕೆ ತಿರುಗಿದ್ದರೆ ಎಲ್ಲವೂ ಕ್ಷೇಮ. ಅದರ ಮೇಲೆ ಮೆಣಸಿನ ಪುಡಿಯಂಥ ಕರಿಯ ಚುಕ್ಕೆಗಳೋ, ಅದಕ್ಕಿಂತಲೂ ಭಯಂಕರವಾಗಿ ಬೆಳ್ಳಿಯಂತೆ ಮಿನುಗುವ ಸೂಕ್ಷ್ಮಕಣಗಳೋ ಕಂಡರೆ ಅವರ ಮುಖ ಗಂಭೀರವಾಗುತ್ತದೆ. ಆ ಮಿನುಗು ಪಿಸ್ಟನ್ನಿನ ಅಲ್ಯೂಮಿನಿಯಮ್ಮಿನದು. ಕಿಡಿಯಿಂದ ಹೊತ್ತಿದ ಜ್ವಾಲೆ ಕ್ರಮವಾಗಿ ಹರಡಿ ಮೂಲೆಯನ್ನು ಮುಟ್ಟುವ ಮೊದಲೇ, ಒತ್ತಡಕ್ಕೂ ಬಿಸಿಗೂ ತಾಳಲಾರದೆ ಅಲ್ಲಿನ ಮಿಶ್ರಣ ತಾನಾಗಿ ಸಿಡಿಯುವುದನ್ನೇ ನಾಕಿಂಗ್ ಎನ್ನುವುದು. ಆ ಸಿಡಿತ ಪಿಸ್ಟನ್ನಿನ ಮೈಯನ್ನು ಕಣಕಣವಾಗಿ ಕಿತ್ತು ತಂದ ಸಾಕ್ಷ್ಯವೇ ಆ ಮಿನುಗು.

“ಅಣ್ಣಾ, ಇನ್ನೊಂದು ಹತ್ತು ಎಚ್.ಪಿ. ಹಾಕ್ಕೊಡಿ ಅಣ್ಣಾ,” ಎಂದು ಒಬ್ಬ ತರುಣ ಒಮ್ಮೆ ಅವರನ್ನು ಬೇಡಿದನು. “ಹಾಕ್ಬೋದು ತಮ್ಮಾ. ಏಪ್ರಿಲ್‌ನಲ್ಲಿ ನಾಲ್ಕು ಜನನ್ನ ಕೂರ್ಸ್ಕೊಂಡು, ಎ.ಸಿ. ಹಾಕ್ಕೊಂಡು ಕೃಷ್ಣಗಿರಿಯಿಂದ ಮೇಲಕ್ಕೆ ಹತ್ತುವಾಗ ಅದನ್ನ ತಡ್ಕೊಳ್ಳೋದು ಯಾರು? ನೀನಲ್ಲ, ಆ ಪಿಸ್ಟನ್ನು,” ಎಂದರು ಅವರು.

ಅದು ಬರಿಯ ಮಾತಲ್ಲ. ಅದೇ ಏರಿನಲ್ಲಿ, ಬೆಳಗಿನ ತಂಪಿನಲ್ಲೊಮ್ಮೆ, ಮಧ್ಯಾಹ್ನದ ಬಿಸಿಲಿನಲ್ಲೊಮ್ಮೆ, ಮೂರನೆಯ ಗೇರಿನಲ್ಲಿ ಕಾರನ್ನು ಓಡಿಸಿ ತಂದ ದಾಖಲೆಯನ್ನು ಅವರು ಪರದೆಯ ಮೇಲೆ ಅಕ್ಕಪಕ್ಕದಲ್ಲಿಟ್ಟು ತೋರಿಸಿದರು. ಬೆಳಗಿನದರಲ್ಲಿ ಬೂಸ್ಟಿನ, ಎಂದರೆ ಟರ್ಬೊ ಅದುಮಿದ ಗಾಳಿಯ ಒತ್ತಡದ, ಗೆರೆ ಏರಿ ನೆಟ್ಟಗೆ ನಿಂತಿತ್ತು. ಮಧ್ಯಾಹ್ನದ್ದರಲ್ಲಿ ಬೂಸ್ಟು ಅಷ್ಟೇ ಇದ್ದರೂ, ಮೂರನೆಯ ಸಿಲಿಂಡರಿನ ಕಿಡಿ ಮೂರು ಡಿಗ್ರಿ ಹಿಂದಕ್ಕೆ ಸರಿದು, ಸ್ವಲ್ಪ ಮುಂದೆ ಬಂದು, ಮತ್ತೆ ಸರಿಯುತ್ತಿತ್ತು. ಎಂಜಿನ್ನಿನ ಮೈಗೆ ಬಿಗಿದ ನಾಕ್ ಸೆನ್ಸರು ಸಿಡಿತದ ಸದ್ದನ್ನು ಕೇಳಿ ಎಚ್ಚರಿಸಿದಾಗಲೆಲ್ಲ ಇಸಿಯು ಕಿಡಿಯನ್ನು ಹಿಂದೆಗೆದು ತಡವಾಗಿ ಹಾರಿಸುತ್ತದೆ. ಹೀಗೆ ಹಿಂದೆಗೆದ ಕಿಡಿಯಿಂದ ಬಲವೂ ಕುಗ್ಗುವುದು, ಹೊಗೆಯ ಬಿಸಿಯೂ ಹೆಚ್ಚಿ ಟರ್ಬೊಗೆ ತಗಲುವುದು. ಬೂಸ್ಟನ್ನು ಅಲ್ಲಿಂದಾಚೆಗೆ ಹೆಚ್ಚಿಸಿದರೆ ಕಾಗದದ ಮೇಲಿನ ಅಂಕಿ ಬೆಳೆಯುವುದೇ ಹೊರತು ರಸ್ತೆಯ ಮೇಲಿನ ಬಲ ಬೆಳೆಯದು. ಎಂಜಿನ್ನು ತನ್ನ ಮೇರೆಯನ್ನು ತಾನೇ ಬರೆದು ತೋರಿಸುವ ಆ ಗೆರೆಯನ್ನು ಓದಬಲ್ಲವನೇ ನಿಜವಾದ ಶ್ರುತಿಗಾರ.

ಮೇರೆ ಇರುವುದು ಒಂದೇ ಕಡೆಯಲ್ಲ. ಕ್ಲಚ್ಚಿಗೆ ಒಂದು ಮೇರೆ, ಗೇರ್‌ಬಾಕ್ಸಿಗೆ ಇನ್ನೊಂದು. ಪೋಲೊ ಜಿ.ಟಿ.ಯ ಏಳು ಗೇರುಗಳ ಒಣಕ್ಲಚ್ಚಿನ ಪೆಟ್ಟಿಗೆಯ ಮಿತಿ 250 ನ್ಯೂಟನ್ ಮೀಟರ್. ಎಂಜಿನ್ನು ಕೊಡುತ್ತಿದ್ದುದು 175. ನಡುವಿನ ಅಂತರ ನೋಡುವುದಕ್ಕೆ ವಿಶಾಲ; ಆದರೆ ನಿತ್ಯದ ವಾಹನಸಂದಣಿಯಲ್ಲಿ ತೆವಳುತ್ತ ಕಾಯುವ ಕ್ಲಚ್ಚಿನ ಆಯುಸ್ಸೂ ಆ ಅಂತರದೊಳಗೇ ಸೇರಿದೆ. ಪೆಟ್ರೋಲಿನ ಪಂಪಿಗೂ ಇಂಜೆಕ್ಟರಿಗೂ ಮೇರೆಯುಂಟು: ಇಪ್ಪತ್ತು ಪಾಲು ಎಥನಾಲ್ ಬೆರೆತ ಇಂದಿನ ಇಂಧನ ನಾಕಿಂಗನ್ನು ತಡೆಯುವಲ್ಲಿ ಉತ್ತಮವಾದರೂ, ಅಷ್ಟೇ ಶಕ್ತಿಗೆ ಶೇಕಡಾ ಏಳೆಂಟರಷ್ಟು ಹೆಚ್ಚು ಹರಿಯಬೇಕಾಗುವುದರಿಂದ, ಹೊಸ ಬೂಸ್ಟಿಗೆ ಬೇಕಾದ ಹರಿವು ಎಲ್ಲಿಂದ ಬಂದೀತೆಂದು ಮೊದಲೇ ಎಣಿಸಬೇಕು. ಕಡಮೆ ವೇಗದಲ್ಲಿ ದೊಡ್ಡ ಗೇರಿನಲ್ಲಿ ಆಕ್ಸಿಲರೇಟರನ್ನು ಪೂರ್ತಿ ತುಳಿದಾಗ, ಕಿಡಿಗೂ ಮೊದಲೇ ಮಿಶ್ರಣ ಹೊತ್ತಿಕೊಂಡು ಒಂದೇ ಏಟಿಗೆ ಪಿಸ್ಟನ್ನನ್ನು ಒಡೆಯಬಲ್ಲ ಬೇರೊಂದು ವ್ಯಾಧಿಯೂ ಈ ಪುಟ್ಟ ಟರ್ಬೊ ಎಂಜಿನ್ನುಗಳಿಗುಂಟು. ಅದನ್ನೂ ತಡೆಯಲೆಂದು ಎಂಜಿನ್ ಆಯಿಲಿನ ರಸಾಯನವನ್ನು ತಿದ್ದಿ, 2020ರಲ್ಲಿ ಎ.ಪಿ.ಐ. ಎಸ್.ಪಿ. ಎಂಬ ದರ್ಜೆಯನ್ನು ಜಾರಿಗೆ ತಂದರು. ಆಯಿಲಿನ ಡಬ್ಬಿಯ ಮೇಲಿನ ಎರಡಕ್ಷರವನ್ನು ಓದದೆ ಬೂಸ್ಟಿನ ಅಂಕಿಯನ್ನು ತಿದ್ದಲು ಹೊರಡುವುದು ವಿವೇಕವಲ್ಲ.

ಕಾನೂನಿನ ಮೇರೆಯೂ ಇದೆಯೆಂಬುದನ್ನು ಮರೆಯಬಾರದು. ತಯಾರಕನು ಕೊಟ್ಟ ಮೂಲ ವಿವರಗಳಿಗೆ ವ್ಯತಿರಿಕ್ತವಾಗಿ ವಾಹನವನ್ನು ಮಾರ್ಪಡಿಸುವುದನ್ನು ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣ ನಿಷೇಧಿಸುತ್ತದೆ. 2019ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿದಿದೆ. ಅಂಕಿಯನ್ನು ಮುಟ್ಟುವವನು ಇದನ್ನೂ ವಾರಂಟಿಯ ಕಾಗದವನ್ನೂ ಮೊದಲೇ ಓದಿಕೊಳ್ಳಬೇಕು.

ಮೇರೆಯನ್ನರಿತು ಮಾಡಿದ ಶ್ರುತಿಗೆ ನಿದರ್ಶನ ಬೇಕೆಂದರೆ ನಾನು 2018ರ ಟಿಯಾಗೊ ಜೆ.ಟಿ.ಪಿ.ಯನ್ನು ಹೇಳುವೆನು. ಟಾಟಾ ಸಂಸ್ಥೆ ಕೊಯಮತ್ತೂರಿನ ಜಯೆಂ ಆಟೊಮೋಟಿವ್ಸ್ ಜೊತೆಗೂಡಿ ರೂಪಿಸಿದ ಆ ಪುಟ್ಟ ಕಾರಿನ 1.2 ಲೀಟರಿನ ಟರ್ಬೊ ಎಂಜಿನ್ನು 114 ಅಶ್ವಶಕ್ತಿಯನ್ನು ಕೊಟ್ಟಿತು; ಅದೇ ಕುಲದ ಎಂಜಿನ್ನು ನೆಕ್ಸಾನಿನಲ್ಲಿ 170 ನ್ಯೂಟನ್ ಮೀಟರಿನ ಟಾರ್ಕ್ ಕೊಡುತ್ತಿದ್ದರೆ ಇಲ್ಲಿ 150 ಮಾತ್ರ. ಅಂಕಿಯನ್ನೇ ಆರಾಧಿಸುವವನಿಗೆ ಇದು ಹಿನ್ನಡೆಯೆಂದು ತೋರೀತು. ಆದರೆ ಗೇರುಗಳ ಅನುಪಾತವನ್ನು ತಿದ್ದಿ, ಸ್ಪ್ರಿಂಗುಗಳನ್ನು ಬಿಗಿಗೊಳಿಸಿ, ಟೈರುಗಳನ್ನು ಅಗಲಮಾಡಿದುದರಿಂದ ಆ ಕಾರು ಓಡಿಸುವವನ ಕೈಗೆ ಕೂಡಲೇ ಓಗೊಡುತ್ತಿತ್ತು. ಕಾರಿನ ಚುರುಕು ಎಂಜಿನ್ನಿನ ಅಂಕಿಯೊಂದರಿಂದಲೇ ಬರುವುದಲ್ಲವೆಂಬುದನ್ನು ಅದು ಸಿದ್ಧಮಾಡಿ ತೋರಿಸಿತು.

ಮೇರೆಯ ತುತ್ತತುದಿಯಲ್ಲಿ ನಿಲ್ಲುವ ಎಂಜಿನ್ನುಗಳೂ ನಮ್ಮ ಊರಿಗೆ ಅಪರಿಚಿತವಲ್ಲ; 1982ರಿಂದ ನಡೆದುಬಂದ ಟಿ.ವಿ.ಎಸ್. ರೇಸಿಂಗ್ ತಂಡ ಇಲ್ಲಿನ ಕಾರ್ಖಾನೆಯ ಕೂಸೇ. ಪಂದ್ಯದ ಎಂಜಿನ್ನಿನ ಆಯುಸ್ಸನ್ನು ಗಂಟೆಗಳಲ್ಲಿ ಎಣಿಸುವರು. ಓಟ ಮುಗಿದ ಮೇಲೆ ಬಿಚ್ಚಿ, ಅಳೆದು, ಸವೆದುದನ್ನು ಬದಲಿಸುವರು. ಅಲ್ಲಿ ಮೀಸಲನ್ನೆಲ್ಲ ಬಳಸಿಬಿಡುವುದು ಧರ್ಮ. ದೇನ್ಕಣಿಕೋಟೆಯಿಂದ ಮಗುವನ್ನು ಆಸ್ಪತ್ರೆಗೆ ಕರೆತರಬೇಕಾದ ಕಾರಿನ ಧರ್ಮ ಬೇರೆ; ಅದು ಲಕ್ಷಾಂತರ ಕಿಲೋಮೀಟರು, ಯಾವ ಹೊತ್ತಿನಲ್ಲಿ ಕೀಲಿ ತಿರುವಿದರೂ, ಓಡಬೇಕು.

ಹಾಗೆಂದು ಬಲವನ್ನು ಹೆಚ್ಚಿಸಲೇಬಾರದೆಂದು ನಾನು ಹೇಳಲಾರೆನು. ಈ ವಿದ್ಯೆಯನ್ನು ಪ್ರೀತಿಸುವವನ ಬಾಯಿಂದ ಆ ಮಾತು ಬಾರದು. ಹೊಸ ಪ್ಲಗ್ಗುಗಳನ್ನು ಹಾಕಿ, ಒಳ್ಳೆಯ ಆಯಿಲನ್ನು ಅವಧಿಗೆ ಮುಂಚೆಯೇ ಬದಲಿಸುತ್ತ, 95 ಆಕ್ಟೇನಿನ ಪೆಟ್ರೋಲಿಗೆ ಕಟ್ಟುಬಿದ್ದು, ಕೆಳಗಿನ ವೇಗದಲ್ಲಿ ಬೂಸ್ಟನ್ನು ಹಾಗೆಯೇ ಬಿಟ್ಟು, ನಡುವಿನ ವೇಗದಲ್ಲಿ ಮಾತ್ರ ಸ್ವಲ್ಪವೇ ಏರಿಸಿ, ಬೇಸಗೆಯ ಮಧ್ಯಾಹ್ನದ ದಾಖಲೆಯಲ್ಲಿ ಕಿಡಿಯ ಗೆರೆ ಅಲುಗದೆ ನಿಲ್ಲುವವರೆಗೆ ಹಿಂದಕ್ಕೆ ಬರುವ ಶ್ರುತಿಯಿಂದ ಹತ್ತು ಹನ್ನೆರಡು ಅಶ್ವಶಕ್ತಿ ದೊರೆತರೂ ಅದು ಸಂಪಾದಿಸಿದ ಬಲ. ನಮ್ಮ ಮೇಸ್ತ್ರಿ ತಾವು ತಿದ್ದಿದ ಕಾರನ್ನು ಮೆಚ್ಚುವುದು ಅದು ಶೆಡ್ಡಿನಿಂದ ಹೊರಟ ದಿನವಲ್ಲ. ವರ್ಷಗಳ ತರುವಾಯ ಲಕ್ಷ ಕಿಲೋಮೀಟರನ್ನು ದಾಟಿ, ಬರಿಯ ಆಯಿಲ್ ಬದಲಿಸುವುದಕ್ಕೆಂದು ಅದು ಮರಳಿ ಬಂದಾಗ. ಎಂಜಿನ್ನಿನ ಶ್ರುತಿಯನ್ನು ಅಳೆಯುವುದಕ್ಕೆ ಇದಕ್ಕಿಂತ ನ್ಯಾಯವಾದ ಪರೀಕ್ಷೆಯನ್ನು ನಾನರಿಯೆನು.