ಸಾರ್‌ಗೆ ಹೇಳೋರು ಯಾರು?

ಪ್ಲೇಸ್‌ಮೆಂಟ್ ಸೀಸನ್ ಬಂತು ಅಂದ್ರೆ ನಮ್ಮ ಕ್ಯಾಂಪಸ್‌ನಲ್ಲಿ ಆಪ್ಟಿಟ್ಯೂಡ್, ಕೋಡಿಂಗ್ ರೌಂಡ್, ಪ್ಯಾಕೇಜ್ ಇವೇ ಮಾತು. ಕೆಲಸ ಸಿಕ್ಕ ಮೇಲೆ ಅಲ್ಲೊಬ್ಬ ಬಾಸ್ ಇರ್ತಾರೆ, ದಿನಾ ಅವರ ಮುಖ ನೋಡಬೇಕು, ಅವರ ಜೊತೆ ಹೇಗೆ ಕೆಲಸ ಮಾಡಬೇಕು ಅನ್ನೋದನ್ನ ಮಾತ್ರ ಯಾವ ಟ್ರೈನಿಂಗ್‌ನಲ್ಲೂ ಹೇಳಿಕೊಡಲ್ಲ. ನಮಗೂ ಯಾರೂ ಹೇಳಿಕೊಟ್ಟಿರಲಿಲ್ಲ. ಇಂಟರ್ನ್‌ಶಿಪ್‌ನಲ್ಲಿ ಬೈಸಿಕೊಂಡು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ನಾವು ನಾಲ್ಕು ಜನ, ಎಲ್ಲರೂ ಮೆಕ್ಯಾನಿಕಲ್. ಪೀಣ್ಯದಲ್ಲಿ ಒಂದು ಸಣ್ಣ ಮಷೀನ್ ಶಾಪ್. ಮೂರು ಸಿಎನ್‌ಸಿ ಲೇಥ್, ಒಂದು ಮಿಲ್ಲಿಂಗ್ ಮಷೀನ್, ಎರಡು ಪಾಳಿ, ಎಲ್ಲಾ ಸೇರಿ ಹದಿನೈದು ಜನ. ಮಾಲೀಕರೂ ಅವರೇ, ಪ್ರೊಡಕ್ಷನ್ ನೋಡಿಕೊಳ್ಳೋರೂ ಅವರೇ. ಎಲ್ಲರೂ ‘ಸಾರ್’ ಅಂತಾರೆ, ನಾವೂ ಹಾಗೇ ಕರೆದೆವು. ಮೊದಲ ದಿನ ಕೈಗೆ ಸೇಫ್ಟಿ ಶೂ ಕೊಟ್ಟು, “ಡೌಟ್ ಇದ್ರೆ ಕೇಳ್ರಪ್ಪ” ಅಂದು ಕ್ಯಾಬಿನ್‌ಗೆ ಹೋದರು. ಆಮೇಲೆ ಎರಡು ವಾರ ನಾವು ಏನೂ ಕೇಳಲಿಲ್ಲ. ಕೇಳಿದರೆ ಏನೂ ಗೊತ್ತಿಲ್ಲ ಅಂದುಕೊಳ್ತಾರೆ ಅನ್ನೋ ಭಯ ಒಂದು ಕಡೆ. ಅವರು ಸದಾ ಫೋನಿನಲ್ಲಿ ಯಾರ ಮೇಲೋ ಕೂಗಾಡುತ್ತಿದ್ದದ್ದು ಇನ್ನೊಂದು ಕಡೆ. ಅವರು ಶಾಪ್ ಫ್ಲೋರ್‌ಗೆ ಬಂದರೆ ನಾವು ಮೆಲ್ಲಗೆ ಸ್ಟೋರ್ ಕಡೆ ಜಾರುತ್ತಿದ್ದೆವು.

ಮೂರನೇ ವಾರ ನಮಗೆ ಇನ್‌ಸ್ಪೆಕ್ಷನ್ ಕೆಲಸ ಕೊಟ್ಟರು. 20 ಮಿಲಿಮೀಟರ್ ವ್ಯಾಸದ ಸಣ್ಣ ಶಾಫ್ಟ್, ಟಾಲರೆನ್ಸ್ ಎಚ್7. ಡಿಸೈನ್ ಡೇಟಾ ಹ್ಯಾಂಡ್‌ಬುಕ್ ತಿರುವಿದವರಿಗೆ ಗೊತ್ತಿರುತ್ತೆ, ಅಂದರೆ 20.000 ದಾಟಬಾರದು, 19.979ಕ್ಕಿಂತ ಕಮ್ಮಿ ಆಗಬಾರದು. ಒಟ್ಟು 21 ಮೈಕ್ರಾನ್ ಜಾಗ. ಸ್ನ್ಯಾಪ್ ಗೇಜ್ ಕ್ಯಾಲಿಬ್ರೇಷನ್‌ಗೆ ಹೋಗಿತ್ತು, ಅದಕ್ಕೆ ಮೈಕ್ರೋಮೀಟರ್‌ನಲ್ಲೇ ಅಳೆಯಬೇಕಿತ್ತು.

ಬೆಳಗ್ಗೆ ಹನ್ನೊಂದರ ಸುಮಾರಿಗೆ ಆ ಮೈಕ್ರೋಮೀಟರ್ ಕೈಜಾರಿ ನೆಲಕ್ಕೆ ಬಿತ್ತು. ಯಾರ ಕೈಯಿಂದ ಅಂತ ಬರೆಯಲ್ಲ. ನಾಲ್ವರೂ ನೋಡಿದೆವು, ನಾಲ್ವರೂ ಸುಮ್ಮನಿದ್ದೆವು. ಎತ್ತಿ, ಒರೆಸಿ, ಅಳೆಯೋದನ್ನ ಮುಂದುವರಿಸಿದೆವು. ಫಸ್ಟ್ ಇಯರ್ ಲ್ಯಾಬ್‌ನಲ್ಲೇ ‘ಝೀರೋ ಎರರ್ ನೋಡಿ’ ಅಂತ ಹೇಳಿರುತ್ತಾರೆ. ವೈವಾದಲ್ಲಿ ಕೇಳಿದರೆ ಥಟ್ ಅಂತ ಹೇಳ್ತೀವಿ. ಅವತ್ತು ಯಾರಿಗೂ ನೆನಪಾಗಲಿಲ್ಲ.

ಊಟ ಆದ ಮೇಲೆ ರೀಡಿಂಗ್ 20.01 ಬರತೊಡಗಿತು. ಲೇಥ್ ನಡೆಸುತ್ತಿದ್ದ ಹುಬ್ಬಳ್ಳಿಯ ಅಣ್ಣನಿಗೆ ಹೇಳಿದೆವು. ಅವರು “ಹೌದೇನ್ರೀ?” ಅಂತ ಇನ್ನೊಮ್ಮೆ ಕೇಳಿ, ನಮ್ಮನ್ನು ನಂಬಿ, ಆಫ್‌ಸೆಟ್‌ನಲ್ಲಿ 0.02 ಇಳಿಸಿದರು. ಆಮೇಲೆ ರೀಡಿಂಗ್ 19.99 ಬಂತು. ಎಲ್ಲಾ ಓಕೆ ಅಂತ ಟಿಕ್ ಹಾಕುತ್ತಾ ಹೋದೆವು.

ನಾಲ್ಕೂವರೆಗೆ ಮೈಕ್ರೋಮೀಟರ್ ಒರೆಸಿ ಡಬ್ಬಿಗೆ ಇಡುವಾಗ, ಸುಮ್ಮನೆ ಪೂರ್ತಿ ಮುಚ್ಚಿ ನೋಡಿದರೆ ಸೊನ್ನೆ ಗೆರೆ ಕೂಡುತ್ತಿಲ್ಲ. ಎರಡು ಡಿವಿಷನ್ ಮುಂದಿದೆ. ಅಂದರೆ ಅದು ಎಲ್ಲವನ್ನೂ 0.02 ಜಾಸ್ತಿ ತೋರಿಸುತ್ತಿತ್ತು. ಮಧ್ಯಾಹ್ನ 20.01 ಅಂದದ್ದು ನಿಜವಾಗಿ 19.99, ಸರಿಯಾಗೇ ಇದ್ದ ಪೀಸ್. ಆಮೇಲೆ ನಾವು ಓಕೆ ಅಂದದ್ದು 19.97, ರಿಜೆಕ್ಟ್. ದಪ್ಪ ಇದ್ದರೆ ಇನ್ನೊಮ್ಮೆ ಟರ್ನಿಂಗ್ ಮಾಡಿ ಸರಿಪಡಿಸಬಹುದು. ಸಣ್ಣ ಆದದ್ದನ್ನು ದಪ್ಪ ಮಾಡೋಕೆ ಆಗಲ್ಲ, ಗುಜರಿಗೇ ಹೋಗಬೇಕು.

ಸಾರ್ ಕ್ಯಾಬಿನ್‌ನಲ್ಲಿ ಫೋನಿನಲ್ಲಿದ್ದರು, ದನಿ ಹೊರಗೇ ಕೇಳುತ್ತಿತ್ತು. “ಈಗ ಬೇಡ ಮಗಾ” ಅಂದುಕೊಂಡು ಮೆಟ್ರೋ ಹತ್ತಿದೆವು.

ಆ ರಾತ್ರಿ ಪಿಜಿಯಲ್ಲಿ ಯಾರಿಗೂ ನಿದ್ದೆ ಇಲ್ಲ. “0.02 ತಾನೇ, ಯಾರಿಗೆ ಗೊತ್ತಾಗುತ್ತೆ?” ಅಂದವರು ಒಬ್ಬರು. “ಅದು ಬುಶ್ ಒಳಗೆ ಲೂಸ್ ಆಗಿ ಅಲ್ಲಾಡುತ್ತೆ, ವಾಪಸ್ ಬರುತ್ತೆ, ಆಗ ಆ ಅಣ್ಣನ ತಲೆಗೆ ಬರುತ್ತೆ” ಅಂದವರು ಇನ್ನೊಬ್ಬರು. ಸರ್ಟಿಫಿಕೇಟ್ ಕೊಡದಿದ್ದರೆ ಕ್ರೆಡಿಟ್ ಹೋಗುತ್ತೆ ಅನ್ನೋ ಭಯ ನಾಲ್ವರಿಗೂ ಇತ್ತು. ಕೊನೆಗೆ ಹೇಳಲೇಬೇಕು ಅಂತಾಯ್ತು. ಆದರೆ ಸಾರ್‌ಗೆ ಹೇಳೋರು ಯಾರು? ಅದಕ್ಕೆ ಮಾತ್ರ ಉತ್ತರ ಸಿಗದೆ, ನಾಲ್ಕೂ ಜನ ಒಟ್ಟಿಗೇ ಹೋಗೋಣ ಅಂದುಕೊಂಡು ಮಲಗಿದೆವು.

ಬೆಳಗ್ಗೆ ಒಂಬತ್ತಕ್ಕೆ ಕ್ಯಾಬಿನ್ ಮುಂದೆ ಸಾಲಾಗಿ ನಿಂತೆವು. ಹತ್ತೂವರೆಗೆ ಮಾಲು ಹೊರಡಬೇಕಿತ್ತು. ಬಿದ್ದದ್ದು, ಮುಚ್ಚಿಟ್ಟದ್ದು, ಆಫ್‌ಸೆಟ್ ಬದಲಿಸಿದ್ದು ಎಲ್ಲಾ ಹೇಳಿದೆವು. ಸಾರ್ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಆಮೇಲೆ ಹೇಳಿದ್ದು ಇಷ್ಟು: “ಮೈಕ್ರೋಮೀಟರ್ ಬೀಳುತ್ತೆ ಕಣ್ರಪ್ಪ, ನನ್ನ ಕೈಯಿಂದಲೂ ಬಿದ್ದಿದೆ. ನಿನ್ನೆ ನಾಲ್ಕೂವರೆಗೆ ಹೇಳಿದ್ರೆ ನನ್ನ ಹತ್ರ ಒಂದು ರಾತ್ರಿ ಪಾಳಿ ಇತ್ತು. ಬೇರೆ ಪೀಸ್ ಹೊಡೆಸ್ತಿದ್ದೆ. ಈಗ ಏನಿದೆ? ಒಂದೂವರೆ ಗಂಟೆ.”

ನಾವು ಬೈಗುಳಕ್ಕೆ ರೆಡಿಯಾಗಿ ಹೋಗಿದ್ದೆವು. ಬೈದಿದ್ದರೇ ಚೆನ್ನಾಗಿರುತ್ತಿತ್ತು.

ಬೇರೆ ಮೈಕ್ರೋಮೀಟರ್ ತಂದು 62 ಪೀಸನ್ನೂ ಮತ್ತೆ ಅಳೆದೆವು. 48 ಕೆಂಪು ಬಿನ್‌ಗೆ ಹೋದವು. ಸಾರ್ ನಮ್ಮೆದುರೇ ಕಸ್ಟಮರ್‌ಗೆ ಫೋನ್ ಮಾಡಿದರು. “ನಮ್ಮ ಕಡೆ ಇನ್‌ಸ್ಪೆಕ್ಷನ್‌ನಲ್ಲಿ ತಪ್ಪಾಗಿದೆ ಸಾರ್, ಒಂದು ದಿನ ಟೈಮ್ ಕೊಡಿ” ಅಂದರು. ‘ನಮ್ಮ ಕಡೆ’ ಅಂದರು. ಕಾಲೇಜು ಹುಡುಗರು ಹಾಳು ಮಾಡಿದ್ರು ಅನ್ನಲಿಲ್ಲ. ಆ ಕಡೆಯಿಂದ ಐದು ನಿಮಿಷ ಬೈಗುಳ ಬಂತು, ಕೇಳಿಸಿಕೊಂಡರು. ಅವರಿಗೂ ಒಬ್ಬ ಬಾಸ್ ಇದ್ದಾನೆ ಅಂತ ನಮಗೆ ಅವತ್ತೇ ಗೊತ್ತಾದದ್ದು.

ಸತೀಶ್ ಧವನ್ ಕಥೆಯನ್ನ ಪ್ರತಿ ಟೆಕ್ ಫೆಸ್ಟ್ ಉದ್ಘಾಟನೆಯಲ್ಲೂ ಕೇಳಿ ಕೇಳಿ ನಮಗೆಲ್ಲ ಬಾಯಿಪಾಠ. 1979ರ ಆಗಸ್ಟ್ 10ರಂದು ಎಸ್‌ಎಲ್‌ವಿ-3 ಬಿದ್ದಾಗ ಇಸ್ರೋ ಅಧ್ಯಕ್ಷರಾಗಿದ್ದ ಧವನ್ ತಾವೇ ಪತ್ರಕರ್ತರ ಮುಂದೆ ಹೋಗಿ ಹೊಣೆ ಹೊತ್ತರು. 1980ರ ಜುಲೈ 18ರಂದು ರೋಹಿಣಿ ಕಕ್ಷೆ ಸೇರಿದಾಗ ಕಲಾಂ ಅವರನ್ನು ಮಾತಾಡಲು ಬಿಟ್ಟರು. ಕೇಳಿದಾಗಲೆಲ್ಲ ‘ಅಂಥ ಬಾಸ್ ನಮಗೂ ಸಿಗಲಿ’ ಅಂದುಕೊಳ್ತೀವಿ. ಆದರೆ ಬಾಸ್ ನಮ್ಮ ಪರವಾಗಿ ನಿಲ್ಲಬೇಕಾದರೆ ಏನಾಗಿದೆ ಅನ್ನೋದು ಅವರಿಗೆ ಮೊದಲು ಗೊತ್ತಿರಬೇಕಲ್ಲ? ಆ ಪಾಲು ನಮ್ಮದು. ನಾವು ಅದನ್ನೇ ಒಂದು ರಾತ್ರಿ ಬಚ್ಚಿಟ್ಟಿದ್ದೆವು.

ಬಾಸ್ ಜೊತೆ ಚೆನ್ನಾಗಿರೋದು ಅಂದ್ರೆ ಬಕೆಟ್ ಹಿಡಿಯೋದು ಅಂತಲೇ ನಾವು ಅಂದುಕೊಂಡಿದ್ದೆವು. ಅದಾದ ಮೇಲೆ ನಾವು ಮಾಡಿದ್ದರಲ್ಲಿ ಬಕೆಟ್ ಏನೂ ಇರಲಿಲ್ಲ. ಸಂಜೆ ಹೊರಡುವ ಮುಂಚೆ ಮೂರು ಸಾಲು ಹೇಳೋದು: ಇವತ್ತು ಏನಾಯ್ತು, ಎಲ್ಲಿ ಸಿಕ್ಕಿಕೊಂಡಿದ್ದೇವೆ, ನಾಳೆ ಏನು. ಎರಡು ನಿಮಿಷದ ಕೆಲಸ. ಮೊದಲ ಎರಡು ದಿನ ಮುಜುಗರವಾಯ್ತು. ಮೂರನೇ ದಿನ ನಾವು ಮರೆತು ಗೇಟ್ ದಾಟುವಾಗ ಸಾರ್ ಅವರೇ ಕೂಗಿ “ಏನ್ರಪ್ಪ, ಇವತ್ತಿನ ವಾರ್ತೆ?” ಅಂದರು.

ಇನ್ನೊಂದು, ಅವರು ಯಾವಾಗ ಕಿವಿಗೊಡುತ್ತಾರೆ ಅಂತ ಗಮನಿಸಿದೆವು. ವಾಟ್ಸಾಪ್‌ನಲ್ಲಿ ಉದ್ದ ಮೆಸೇಜ್ ಹಾಕಿದರೆ ನೋಡುತ್ತಲೇ ಇರಲಿಲ್ಲ. ಹನ್ನೊಂದರ ಟೀ ಹೊತ್ತಲ್ಲಿ ಡ್ರಾಯಿಂಗ್ ಹಿಡಿದು ಹೋದರೆ ಹತ್ತು ನಿಮಿಷ ಕೂತು ವಿವರಿಸುತ್ತಿದ್ದರು. ಒಂದೇ ಸಲ ಮೂರು ಕೆಲಸ ಹೇಳಿದಾಗ, ಮೂರಕ್ಕೂ ತಲೆಯಾಡಿಸಿ ಒಂದನ್ನೂ ಮುಗಿಸದೆ ಇರುವ ಬದಲು “ಇದರಲ್ಲಿ ಮೊದಲು ಯಾವುದು ಸಾರ್?” ಅಂತ ಕೇಳಲು ಕಲಿತೆವು.

ಆ ಕೂಗಾಟದ ಕಾರಣವೂ ಟೀ ಹೊತ್ತಲ್ಲೇ ತಿಳಿಯಿತು. ಸಣ್ಣ ಕೈಗಾರಿಕೆಯಿಂದ ಮಾಲು ಕೊಂಡವರು ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕು ಅಂತ 2006ರ ಎಂಎಸ್‌ಎಂಇ ಕಾಯ್ದೆ ಹೇಳುತ್ತೆ. ಸಾರ್‌ಗೆ ಬರಬೇಕಿದ್ದ ಒಂದು ಬಿಲ್ ನಾಲ್ಕು ತಿಂಗಳಾದರೂ ಬಂದಿರಲಿಲ್ಲ. ದೂರು ಕೊಟ್ಟರೆ ಮುಂದಿನ ಆರ್ಡರ್ ಹೋಗುತ್ತೆ ಅನ್ನೋ ಭಯ. ಅತ್ತ ಸಂಬಳದ ದಿನ ಮಾತ್ರ ಮುಂದೆ ಹೋಗಲ್ಲ. ಅವರ ಸಿಟ್ಟು ನಮ್ಮ ಮೇಲಲ್ಲ ಅಂತ ಗೊತ್ತಾದ ಮೇಲೆ ಕ್ಯಾಬಿನ್ ಬಾಗಿಲು ತಟ್ಟೋದು ಸುಲಭವಾಯ್ತು.

ಒಮ್ಮೆ ಅವರ ಮಾತಿಗೆ ನಾವು ಒಪ್ಪಲಿಲ್ಲ. ಹತ್ತಕ್ಕೊಂದು ಪೀಸ್ ಅಳೆದರೆ ಸಾಕು, ಆಫ್‌ಸೆಟ್ ಆಪರೇಟರ್‌ಗೆ ಅನಿಸಿದಾಗ ಬದಲಿಸಲಿ ಅನ್ನೋದು ಅವರ ಪದ್ಧತಿ. ಇನ್ಸರ್ಟ್ ಸವೆದಂತೆ ವ್ಯಾಸ ಸ್ವಲ್ಪ ಸ್ವಲ್ಪ ಹೆಚ್ಚುತ್ತಾ ಹೋಗುತ್ತೆ, ಅದಕ್ಕೊಂದು ಲೆಕ್ಕ ಇಟ್ಟರೆ ಒಳ್ಳೇದು ಅನ್ನೋದು ನಮ್ಮ ವಾದ. ಎಲ್ಲರೆದುರು ವಾದ ಮಾಡಲಿಲ್ಲ. ಸಾಲಾಗಿ 60 ಪೀಸ್ ಅಳೆದು ಗ್ರಾಫ್ ಶೀಟಿನಲ್ಲಿ ಚುಕ್ಕಿ ಇಟ್ಟೆವು. ಅಳೆಯುವ ಮುಂಚೆ ಝೀರೋ ನೋಡಿದೆವು, ಈ ಸಲ ಎರಡೆರಡು ಸಲ. ಗೆರೆ ನಿಧಾನವಾಗಿ ಮೇಲೇರುವುದು ಕಣ್ಣಿಗೇ ಕಾಣುತ್ತಿತ್ತು. ಸಾರ್ ಶೀಟ್ ತಗೊಂಡು ನೋಡಿ “ಹ್ಞೂಂ” ಅಂದರು, ಅಷ್ಟೇ. ಮುಂದಿನ ಸೋಮವಾರ ಲೇಥ್ ಪಕ್ಕ ಒಂದು ಬೋರ್ಡ್ ಬಂದಿತ್ತು: ‘25 ಪೀಸಿಗೊಮ್ಮೆ ಅಳತೆ, ಆಫ್‌ಸೆಟ್ ಬರೆಯಿರಿ.’

ಎಲ್ಲ ಬಾಸ್‌ಗಳೂ ಹೀಗಿರಲ್ಲ, ಅದು ನಮಗೂ ಗೊತ್ತು. ಬೇರೆ ಕಡೆ ಹೋಗಿದ್ದ ನಮ್ಮ ಬ್ಯಾಚಿನವರಿಗೆ ಅಳೆಯದೇ ರೀಡಿಂಗ್ ಬರೆಯಲು ಹೇಳಿದ್ದೂ ಉಂಟು. ಅಂಥ ಕಡೆ ಹೊಂದಿಕೊಂಡು ಹೋಗಿ ಅಂತ ನಾವು ಹೇಳಲ್ಲ. ಸುಳ್ಳು ರೀಡಿಂಗ್ ಕೆಳಗೆ ಇರೋದು ನಿಮ್ಮ ಸಹಿ, ಅವರದ್ದಲ್ಲ. ಆದರೆ ಬಾಸ್ ಎಂಥವರು ಅಂತ ನೋಡುವ ಮುಂಚೆಯೇ ಹೆದರಿ ಸ್ಟೋರ್ ಕಡೆ ಜಾರಿದರೆ, ಒಳ್ಳೆಯವರು ಸಿಕ್ಕರೂ ಗೊತ್ತಾಗಲ್ಲ.

ಕೊನೆಯ ದಿನ ರಿಪೋರ್ಟಿಗೆ ಸಹಿ ಹಾಕಿ, ಟೀ ತರಿಸಿ, ಸಾರ್ ಹೇಳಿದರು: “ಮುಂದಿನ ಬಾಸ್‌ಗೆ ನಾಲ್ಕೂವರೆಗೇ ಹೇಳ್ರಪ್ಪ.” ಹುಬ್ಬಳ್ಳಿ ಅಣ್ಣ ಗೇಟಿನ ತನಕ ಬಂದು, “ಝೀರೋ ನೋಡೂದು ಮರೀಬ್ಯಾಡ್ರಿ” ಅಂತ ನಕ್ಕರು. ಅವರ ಬಳಿ ನಾವು ಕ್ಷಮೆ ಕೇಳಿದ್ದು ಅವತ್ತೇ. ಅದೂ ತಡವೇ.

ಈಗ ಕಾಲೇಜಿಗೆ ವಾಪಸ್ ಬಂದಿದ್ದೇವೆ. ಫೈನಲ್ ಇಯರ್ ಪ್ರಾಜೆಕ್ಟ್ ನಡೀತಿದೆ. ಸಿಮ್ಯುಲೇಷನ್ ಓಡ್ತಿಲ್ಲ, ಸೆನ್ಸರ್ ಸುಟ್ಟಿದೆ, ಅದಕ್ಕೇ ಗೈಡ್ ಕಾರಿಡಾರಿನಲ್ಲಿ ಕಂಡರೆ ಮೆಟ್ಟಿಲ ಹಿಂದೆ ಅಡಗುವವರು ನಮ್ಮ ಕ್ಲಾಸಲ್ಲೇ ಎಷ್ಟೋ ಜನ ಇದ್ದಾರೆ. ಗೈಡ್ ಕೂಡ ಒಂಥರಾ ಬಾಸೇ. ರಿವ್ಯೂ ದಿನ ಬೆಳಗ್ಗೆ ಹೇಳಿದರೆ ಅವರೂ ಏನೂ ಮಾಡೋಕಾಗಲ್ಲ. ಇವತ್ತೇ ಹೋಗಿ ಹೇಳಿ. ಒಬ್ಬರೇ ಹೋಗೋಕೆ ಭಯ ಆದ್ರೆ ನಾಲ್ಕೂ ಜನ ಒಟ್ಟಿಗೇ ಹೋಗಿ. ನಾವೂ ಹಾಗೇ ಹೋಗಿದ್ದು.